ಬಾರದ ರೈಲಿನ ಪ್ರಕಟಣೆ

ಹ್ಯಾಂಬರ್ಗಿನಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಅಜ್ಜಿ ಧ್ವನಿಯನ್ನು ನಂಬುವವರಲ್ಲ. ಕೆಳಗಿನ ಬಾಗಿಲಲ್ಲಿ ಯಾರಾದರೂ ಬೆಲ್ ಒತ್ತಿದರೆ ನಾವೆಲ್ಲ ಗೋಡೆಯ ಮೇಲಿನ ಇಂಟರ್‌ಕಾಮ್ ಎತ್ತಿ ಯಾರೆಂದು ಕೇಳುತ್ತೇವೆ, ಉತ್ತರ ಬಂದರೆ ಬಾಗಿಲು ತೆರೆಯುವ ಗುಂಡಿ ಒತ್ತುತ್ತೇವೆ. ಅಜ್ಜಿ ಅದನ್ನು ಮುಟ್ಟುವುದಿಲ್ಲ. ಬಾಲ್ಕನಿಗೆ ಬಂದು ಬಗ್ಗಿ, "ರಸ್ತೆಗೆ ಬಂದು ನಿಲ್ಲಿ, ಮುಖ ಕಾಣಬೇಕು" ಎನ್ನುತ್ತಾರೆ. ಅಂಚೆಯವನಿರಲಿ, ಹೀಟರ್ ರಿಪೇರಿಯವನಿರಲಿ, ಮಳೆಯಲ್ಲಿ ರಸ್ತೆಗಿಳಿದು, ತಲೆಯೆತ್ತಿ ಮುಖ ತೋರಿಸಿದ ಮೇಲೆಯೇ ಒಳಗೆ ಪ್ರವೇಶ.

ನಾನು ಧಾರವಾಡದವಳು. ವಿಮಾನದ ಒಳಗಿನ ಸೀಟು, ಸಾಮಾನಿನ ಗೂಡು ಇಂಥವುಗಳ ವಿನ್ಯಾಸ ಮಾಡುವ ಕಂಪನಿಯಲ್ಲಿ ಕೆಲಸ. ನನ್ನ ಗಂಡ ಮೈಸೂರಿನವರು, ಬಂದರಿನ ಸರಕು ಸಾಗಣೆಗೆ ಬೇಕಾದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ನಾವು ಈ ಮನೆಗೆ ಬಂದ ಹೊಸದರಲ್ಲಿ ಅಜ್ಜಿಯ ಹೆಸರಿಗೆ ಬಂದ ಪಾರ್ಸೆಲ್ಲೊಂದನ್ನು ಅಂಚೆಯವನು ನಮ್ಮ ಕೈಗೆ ಕೊಟ್ಟು ಹೋದ. ಈ ದೇಶದಲ್ಲಿ ಅದು ಮಾಮೂಲು. ಮೇಲೆ ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದೆ.

"ನಾನು ಏನೂ ತರಿಸಿಲ್ಲ" ಎಂದು ಒಳಗಿನಿಂದ ಮಾತು ಬಂತು.

"ನಿಮ್ಮ ಹೆಸರೇ ಇದೆ."

"ಹೆಸರು ಯಾರು ಬೇಕಾದರೂ ಬರೆಯಬಹುದು."

ಪಾರ್ಸೆಲ್ಲನ್ನು ಅವರ ಬಾಗಿಲಲ್ಲಿಟ್ಟು ಬಂದೆ. ಮಾರನೆಯ ಬೆಳಿಗ್ಗೆ ಅದು ನಮ್ಮ ಬಾಗಿಲಲ್ಲಿತ್ತು. ಮತ್ತೆ ಮೇಲಿಟ್ಟೆ, ಮತ್ತೆ ಕೆಳಗೆ ಬಂತು. ಕೊನೆಗೆ ಅಂಚೆಯವನೇ ವಾಪಸು ಒಯ್ದ. ನನಗೆ ಅವಮಾನವಾಗಿತ್ತು. ನಮ್ಮ ಬಣ್ಣ ಕಂಡು ಹೀಗಾಡುತ್ತಾರೆ ಎಂದುಕೊಂಡೆ.

ಕೆಲವು ತಿಂಗಳಾದ ಮೇಲೆ ಕಟ್ಟಡದ ಆಡಳಿತ ನೋಡುವ ಕಚೇರಿಯಿಂದ ಫೋನು ಬಂತು. ಭಾನುವಾರ ನಮ್ಮ ಮನೆಯಿಂದ ಯಂತ್ರದ ಸದ್ದು ಬರುತ್ತದೆಂದು ಯಾರೋ ದೂರು ಕೊಟ್ಟಿದ್ದರು. ಇಲ್ಲಿ ಭಾನುವಾರ ಅಕ್ಕಪಕ್ಕದವರಿಗೆ ಕೇಳುವಂತೆ ಸದ್ದು ಮಾಡುವಂತಿಲ್ಲ. ಯಂತ್ರವೆಂದರೆ ದೋಸೆ ಹಿಟ್ಟು ರುಬ್ಬುವ ನಮ್ಮ ಗ್ರೈಂಡರ್. ಯಾರು ಹೇಳಿದ್ದೆಂದು ಅವರು ತಿಳಿಸಲಿಲ್ಲ. ನಾನು ಫೋನಿಟ್ಟು ಸೀದಾ ಛಾವಣಿ ನೋಡಿದೆ.

"ಅಕೀನೇ" ಎಂದೆ ಗಂಡನಿಗೆ. "ಮ್ಯಾಲಿನ ಅಜ್ಜೀನೇ. ಬ್ಯಾರೆ ಯಾರಿಗೂ ಇಷ್ಟು ಕಿವಿ ಚುರುಕಿಲ್ಲ."

"ಪ್ರೂಫ್ ಇಲ್ದೆ ಹಾಗೆಲ್ಲ ಹೇಳ್ಬಾರ್ದು ಕಣೇ" ಎಂದರು ಅವರು. ಆದರೂ ಅಂದಿನಿಂದ ಅವರೂ ಮನೆಯೊಳಗೆ ಕಾಲುಚೀಲದಲ್ಲಿ ನಡೆಯತೊಡಗಿದರು. ಮೇಲೆ ಹೆಜ್ಜೆ ಸದ್ದು ನಿಂತರೆ ನನಗೆ ಅಜ್ಜಿ ನೆಲಕ್ಕೆ ಕಿವಿಯಿಟ್ಟಿದ್ದಾರೆ ಅನಿಸುತ್ತಿತ್ತು. ನಾವು ಕನ್ನಡದಲ್ಲಿ ಮಾತಾಡುತ್ತಿದ್ದೆವು, ಅವರಿಗೆ ಒಂದಕ್ಷರ ತಿಳಿಯುವುದಿಲ್ಲ. ಆದರೂ ದನಿ ತಗ್ಗಿಸುತ್ತಿದ್ದೆವು. ಮೆಟ್ಟಿಲಲ್ಲಿ ಎದುರಾದರೆ ಅವರು ಗೋಡೆಗೆ ಸರಿದು ನನ್ನ ಕೈಚೀಲ ನೋಡುವರು, ನಾನು ಅವರ ಕೈಚೀಲ ನೋಡುವೆ. ಒಂದು ವರ್ಷ ಹೀಗೇ ಕಳೆಯಿತು.

ಒಂದು ಶನಿವಾರ ಮಧ್ಯಾಹ್ನ ನಮ್ಮಿಬ್ಬರ ಫೋನುಗಳೂ ಒಟ್ಟಿಗೆ ಚೀರಿದವು. ರಸ್ತೆಯ ಕೊನೆಯಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆಯುತ್ತಿದ್ದರು. ಅಲ್ಲಿ ಹಳೆಯ ಯುದ್ಧದ ಬಾಂಬು ಸಿಕ್ಕಿದೆ, ಸುತ್ತಲಿನ ಮನೆಗಳವರೆಲ್ಲ ಹೊರಡಬೇಕು ಎಂಬ ಎಚ್ಚರಿಕೆ. ಈ ಊರಲ್ಲಿ ಅದೇನೂ ಅಪರೂಪವಲ್ಲ. ಸ್ವಲ್ಪ ಹೊತ್ತಿಗೆ ಮೈಕು ಕಟ್ಟಿದ ಗಾಡಿ ಬಂತು. ಮೆಟ್ಟಿಲಲ್ಲಿ ಬೂಟುಗಳ ಸದ್ದಾಯಿತು. ಫೈರ್ ಬ್ರಿಗೇಡಿನವನೊಬ್ಬ ಎಲ್ಲರ ಬಾಗಿಲು ತಟ್ಟುತ್ತ ಮೇಲೆ ಹೋದ. ಅಜ್ಜಿಯ ಬಾಗಿಲನ್ನು ಬಡಿದ, ಕೂಗಿದ, ಮತ್ತೆ ಬಡಿದ. ಇಳಿದು ಬಂದು ನನ್ನನ್ನು ಕೇಳಿದ.

"ಮೇಲೆ ಯಾರೂ ಇಲ್ಲವೇ?"

"ಇದ್ದಾರೆ. ತೆಗೆಯುವುದಿಲ್ಲ."

"ಪಕ್ಕದ ಕಟ್ಟಡ ಮುಗಿಸಿ ಪೊಲೀಸರ ಜೊತೆ ಬರುತ್ತೇನೆ. ಆಗಲೂ ತೆಗೆಯದಿದ್ದರೆ ಬೀಗ ಒಡೆಯಬೇಕಾಗುತ್ತದೆ" ಎಂದು ಹೇಳಿ ಹೋದ.

ನನ್ನ ಗಂಡ ಪಾಸ್‌ಪೋರ್ಟು, ಲ್ಯಾಪ್‌ಟಾಪು ತುಂಬಿದ ಚೀಲ ಹೆಗಲಿಗೇರಿಸಿ ನಿಂತಿದ್ದರು. "ನೀವು ಕೆಳಗ ನಡೀರಿ. ನಾ ಒಮ್ಮೆ ಕರೆದು ನೋಡ್ತೀನಿ" ಎಂದೆ. ಯಾಕೆ ಹಾಗೆಂದೆನೋ. ಪೊಲೀಸರು ಬೀಗ ಒಡೆದಾಗ ಅಜ್ಜಿಯ ಮುಖ ಹೇಗಾದೀತೆಂಬುದು ಕಣ್ಣಮುಂದೆ ಬಂತು, ಅಷ್ಟೆ.

ಮೇಲೆ ಹೋಗಿ ಬಾಗಿಲು ತಟ್ಟಿ ನಾನು ಯಾರೆಂದು ಹೇಳಿದೆ.

"ಬಾಂಬು ಸಿಕ್ಕಿದೆಯಂತೆ. ಎಲ್ಲರೂ ಹೊರಡಬೇಕು."

"ಯಾರು ಹೇಳಿದರು?" ದನಿ ಬಾಗಿಲಿಗೆ ಅಂಟಿದಂತೆ ಹತ್ತಿರದಲ್ಲೇ ಇತ್ತು.

"ಈಗ ಬಾಗಿಲು ಬಡಿದರಲ್ಲ, ಫೈರ್ ಬ್ರಿಗೇಡಿನವರು."

"ಯೂನಿಫಾರ್ಮು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮೈಕಿನಲ್ಲಿ ಕೂಗುತ್ತಿದ್ದಾನಲ್ಲ, ಅವನ ಮುಖ ನೋಡಿದಿರಾ?"

"ಇಲ್ಲ."

"ಬಾಂಬು ನೋಡಿದಿರಾ?"

"ಇಲ್ಲ."

"ಮತ್ತೆ?"

ಅವರ ಅನುಮಾನ ಪೂರ್ತಿ ಹುಚ್ಚೂ ಅಲ್ಲ. ಪೊಲೀಸರ ವೇಷದಲ್ಲಿ ಬಂದು ಮುದುಕರನ್ನು ಮೋಸ ಮಾಡುವವರಿದ್ದಾರೆ, ಎಚ್ಚರಿಕೆ ಎಂದು ನಮ್ಮ ಮೆಟ್ಟಿಲ ಗೋಡೆಯ ಮೇಲೆಯೇ ಪೊಲೀಸರು ಚೀಟಿ ಅಂಟಿಸಿದ್ದರು.

"ನನ್ನ ಮನೆ ಖಾಲಿಯಾದರೆ ಯಾರಿಗೆ ಲಾಭ?" ಎಂದರು ಅಜ್ಜಿ ಒಳಗಿನಿಂದ. ಆ 'ಯಾರಿಗೆ'ಯಲ್ಲಿ ನಾನೂ ಇದ್ದೆ. ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಉಪಾಯ ಹೊಳೆಯಿತು. ಕೆಳಗಿಳಿದು ನಮ್ಮ ಮನೆಗೆ ಬೀಗ ಹಾಕಿ, ಬೀಗದಕೈ ತಂದು ಅವರ ಬಾಗಿಲ ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದೆ.

"ಇದು ನನ್ನ ಮನೆಯ ಕೀ. ನಿಮ್ಮ ಹತ್ತಿರ ಇರಲಿ. ನೀವು ಹೊರಗೆ ಬರುವವರೆಗೆ ನಾನು ಇಲ್ಲೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬಾಂಬು ಸುಳ್ಳಾಗಿದ್ದರೆ ಇಬ್ಬರಿಗೂ ಏನೂ ಆಗುವುದಿಲ್ಲ."

ಕೆಳಗಿನಿಂದ ಗಂಡ ಕೂಗಿದರು, "ಏನ್ ಮಾಡ್ತಿದೀಯೇ? ಬಸ್ ಹೊರಡ್ತಾ ಇದೆ!" ನಾನು ಮೆಟ್ಟಿಲ ಮೇಲೆ ಕೂತೆ. ಬಾಗಿಲಿನ ಕಿಂಡಿಯಲ್ಲಿ ಒಂದು ಕಣ್ಣು ಬಂದು ಹೋಯಿತು. ಸ್ವಲ್ಪ ಹೊತ್ತಿಗೆ ಸರಪಳಿ ಸರಿಯಿತು, ಒಂದು ಬೀಗ ತೆರೆಯಿತು, ಇನ್ನೊಂದು ತೆರೆಯಿತು. ಅಜ್ಜಿ ಕೋಟು ತೊಟ್ಟು, ಟೋಪಿ ಇಟ್ಟು, ಕೈಚೀಲ ಹಿಡಿದು ಹೊರಡಲು ತಯಾರಾಗಿಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ.

ಬಸ್ಸು ನಮ್ಮನ್ನು ಶಾಲೆಯೊಂದರ ಆಟದ ಹಾಲಿಗೆ ಕರೆದೊಯ್ದಿತು. ಸಾಲು ಬೆಂಚುಗಳು, ಅಳುವ ಮಕ್ಕಳು, ಬೊಗಳುವ ನಾಯಿಗಳು. ಸ್ವಯಂಸೇವಕರು ಚಹಾ ಕೊಟ್ಟರು. ನಾನು ಕುಡಿಯುವ ತನಕ ಅಜ್ಜಿ ತಮ್ಮ ಲೋಟಕ್ಕೆ ತುಟಿ ಹಚ್ಚಲಿಲ್ಲ. ನನ್ನ ಕೀ ಅವರ ಮುಷ್ಟಿಯಲ್ಲಿತ್ತು. ಬಾಂಬು ತೆಗೆಯುವ ತಂಡದ ಹೆಂಗಸೊಬ್ಬಳು ಬಂದು ಎಲ್ಲರಿಗೂ ವಿಷಯ ತಿಳಿಸಿದಳು. ಬಾಂಬು ಬ್ರಿಟಿಷರದ್ದು. ಬಿದ್ದ ಕೂಡಲೇ ಅಲ್ಲ, ಎಷ್ಟೋ ಗಂಟೆಗಳು ಕಳೆದು, ಜನ ನೆಲಮಾಳಿಗೆಯಿಂದ ಹೊರಬಂದ ಮೇಲೆ ಸಿಡಿಯುವಂಥದ್ದು. ಅದನ್ನು ಸಿಡಿಸುವ ಫ್ಯೂಸನ್ನು ಬಿಚ್ಚಲು ತಿರುಗಿಸಿದರೆ ಬಿಚ್ಚುವವನ ಕೈಯಲ್ಲೇ ಸಿಡಿಯುವಂತೆ ಒಳಗೆ ಇನ್ನೊಂದು ಕುತಂತ್ರ ಇಟ್ಟಿದ್ದಾರೆ. ಆದ್ದರಿಂದ ತಡವಾಗುತ್ತದೆ, ಸಹಕರಿಸಿ ಎಂದಳು.

"ಬ್ರಿಟಿಷರದ್ದೇ?" ಎಂದರು ಅಜ್ಜಿ. "ಹಾಗಾದರೆ ನಿಜವಿರಬಹುದು."

ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಭಾನುವಾರ ಸದ್ದು ಮಾಡುತ್ತೇವೆಂದು ನಮ್ಮ ಮೇಲೆ ದೂರು ಕೊಟ್ಟದ್ದು ನೀವೇ?"

ಅವರು ನನ್ನತ್ತ ಪೂರ್ತಿ ತಿರುಗಿದರು. "ನಾನು ಜನ್ಮದಲ್ಲಿ ಯಾರ ಮೇಲೂ ದೂರು ಕೊಟ್ಟವಳಲ್ಲ. ದೂರು ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತು."

ಹಾಗೆ ಶುರುವಾಯಿತು ಅವರ ಮಾತು. ಜರ್ಮನ್ನಿನಲ್ಲಿ, ನಿಧಾನವಾಗಿ, ನನಗೆ ಅರ್ಥವಾಗಲೆಂದು ಬಿಡಿಬಿಡಿಸಿ ಹೇಳಿದರು.

ಯುದ್ಧದ ಕೊನೆಯ ವಸಂತದಲ್ಲಿ ಅವರಿಗೆ ಆರು ವರ್ಷ. ಅಪ್ಪ ರಣರಂಗದಲ್ಲಿ. ಅಮ್ಮ, ಮಗಳು ಇದೇ ಊರಿನ ಇನ್ನೊಂದು ಮೂಲೆಯಲ್ಲಿ ಅರ್ಧ ಕುಸಿದ ಕಟ್ಟಡವೊಂದರಲ್ಲಿದ್ದರು. ಎದುರು ಬಾಗಿಲಲ್ಲಿ ಇನ್ನೊಬ್ಬ ಹೆಂಗಸು, ಆಕೆಗೆ ಇವರಿಗಿಂತ ತುಸು ದೊಡ್ಡ ಮಗಳು, ಒಂದು ಕೈಗೂಸು. ಒಂದು ಸಂಜೆ ಆರು ವರ್ಷದ ಈ ಹುಡುಗಿ ಅಡುಗೆಮನೆಯ ಬೆಂಚಿನ ಮೇಲೆ ನಿದ್ದೆ ಹೋಗಿದ್ದಾಗ ಅಮ್ಮ ರೇಡಿಯೋದಲ್ಲಿ ಪ್ರಕಟಣೆಯೊಂದನ್ನು ಕೇಳಿದಳು. ಹೆಂಗಸರು, ಮಕ್ಕಳು ಊರು ಬಿಡಬೇಕು. ದಕ್ಷಿಣದಲ್ಲಿ ಬಾಂಬು ಬೀಳದ ಪ್ರದೇಶಗಳನ್ನು ಗೊತ್ತುಮಾಡಲಾಗಿದೆ. ಅಲ್ಲಿಗೆ ರೈಲು ಹೊರಡುತ್ತದೆ.

"ಹ್ಯಾಂಬರ್ಗ್ ಸ್ಟೇಷನ್ನೇ, ದಿನಾ ವಿಮಾನ ದಾಳಿಯ ಸುದ್ದಿ ಹೇಳುವವನದೇ ದನಿ. ಅಮ್ಮ ಎಷ್ಟೋ ವರ್ಷ ಅದನ್ನೇ ಹೇಳುತ್ತಿದ್ದಳು" ಎಂದರು ಅಜ್ಜಿ.

ಮಾರನೆಯ ದಿನ ಕೈಗಾಡಿಯಲ್ಲಿ ಹಾಸಿಗೆ ಹೇರಿಕೊಂಡು ಎರಡೂ ಮನೆಯವರು ರೈಲು ನಿಲ್ದಾಣಕ್ಕೆ ಹೋದರು. ಅಲ್ಲಿ ಅವರಂತೆಯೇ ಬಂದ ಕೆಲವರಿದ್ದರು. ರೈಲಿರಲಿಲ್ಲ. ಸಣ್ಣ ಮಳೆ, ಚಳಿ. ಮೇಲೆ ಸೂರಿಲ್ಲದ ಪ್ಲಾಟ್‌ಫಾರ್ಮಿನಲ್ಲಿ ಆ ದಿನವೆಲ್ಲ, ರಾತ್ರಿಯೆಲ್ಲ ಕಾದರು. ಬೆಳಿಗ್ಗೆ ರೈಲ್ವೆಯವನೊಬ್ಬ ಬಂದು ಬೈದ. ಯಾರು ಹೇಳಿದರು ನಿಮಗೆ? ಅಂಥ ಆಜ್ಞೆಯೇ ಇಲ್ಲ. ನಡೆಯಿರಿ ಮನೆಗೆ. ಅಲ್ಲಿದ್ದವರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಹೆಚ್ಚಿನವರು ಇನ್ನೊಬ್ಬರ ಬಾಯಿಂದ ಕೇಳಿ ಬಂದವರು.

ಎದುರುಮನೆಯ ಕೂಸಿಗೆ ಜ್ವರ ಬಂತು. ಅದರ ನಡುವೆಯೇ ಇಬ್ಬರು ಅಧಿಕಾರಿಗಳು ಅಮ್ಮನನ್ನು ವಿಚಾರಿಸಲು ಬಂದರು. ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಹೆದರಿಸಿದ್ದು ಒಂದು ಅಪರಾಧ. ಶತ್ರುವಿನ ರೇಡಿಯೋ ಕೇಳಿದ್ದು ಅದಕ್ಕಿಂತ ದೊಡ್ಡದು, ಅದಕ್ಕೆ ತಲೆಯೇ ಹೋಗಬಹುದಿತ್ತು. ಕೇಳಿಲ್ಲ ಅಂದರೆ ಸುದ್ದಿ ಕಟ್ಟಿದವಳಾಗುತ್ತಾಳೆ, ಕೇಳಿದೆ ಅಂದರೆ ಶತ್ರುವಿಗೆ ಕಿವಿಗೊಟ್ಟವಳಾಗುತ್ತಾಳೆ. ನಮ್ಮ ಸ್ಟೇಷನ್ನೇ ಹೇಳಿತು ಎಂದು ಅಮ್ಮ ಹಟ ಹಿಡಿದಳು. ಎದುರುಮನೆಯವಳನ್ನು ಕೇಳಿದರು. ತನಗೇನೂ ಗೊತ್ತಿಲ್ಲ, ಇವಳು ಹೇಳಿದ್ದಕ್ಕೆ ಹೊರಟೆ ಎಂದಳು ಅವಳು. ಅಮ್ಮನನ್ನು ಕರೆದೊಯ್ದರು. ಕೂಸು ತೀರಿಕೊಂಡಿತು.

"ಆಮೇಲೆ?"

"ಆಮೇಲೆ ಬ್ರಿಟಿಷರು ಊರೊಳಗೆ ಬಂದರು, ಜೈಲು ತೆಗೆದರು, ಅಮ್ಮ ವಾಪಸು ಬಂದಳು. ಒಳಗೆ ಏನು ಮಾಡಿದರು ಎಂದು ಹೇಳಲಿಲ್ಲ. ಯುದ್ಧ ಮುಗಿದರೂ ನಮ್ಮ ಬೀದಿಯಲ್ಲಿ ಅವಳು ಸುಳ್ಳಿ. ಶಾಲೆಯಲ್ಲಿ ಎದುರುಮನೆಯ ಹುಡುಗಿ ನನ್ನನ್ನು ಸುಳ್ಳಿಯ ಮಗಳು ಎಂದು ಕರೆಯುತ್ತಿದ್ದಳು."

ಲೋಟ ಕೆಳಗಿಟ್ಟು ಹೇಳಿದರು. "ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ, ಅಮ್ಮಾ, ಈಗಲಾದರೂ ನಿಜ ಹೇಳು, ಹೆದರಿಕೆಯಲ್ಲಿ ನೀನೇ ಕಲ್ಪಿಸಿಕೊಂಡೆಯಾ ಅಂತ. ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ಮತ್ತೆ ಆ ಮಾತೇ ಎತ್ತಲಿಲ್ಲ. ಅವಳು ಸುಳ್ಳು ಹೇಳಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ."

ಕತ್ತಲಾಗುವ ಮೊದಲೇ ಬಾಂಬು ನಿಷ್ಕ್ರಿಯವಾದ ಸುದ್ದಿ ಬಂತು. ಮನೆಗೆ ಮರಳಿದಾಗ ಅಜ್ಜಿ ನಮ್ಮ ಬಾಗಿಲನ್ನು ತಾವೇ ತೆರೆದು, ಕೀಯನ್ನು ನನ್ನ ಅಂಗೈ ಮೇಲಿಟ್ಟು, "ಒಳಗೆ ಎಲ್ಲ ಇದೆಯೇ ನೋಡಿ ಹೇಳಿ. ಆಮೇಲೆ ಮಾತು ಬೇಡ" ಎಂದರು. ನೋಡಿಬಂದು ಹೇಳಿದೆ. ಅವರು ಮೇಲೆ ಹೋದರು. ಒಂದು ಬೀಗ ಬಿತ್ತು, ಇನ್ನೊಂದು ಬಿತ್ತು.

ಸುಳ್ಳು ಹೇಳುವುದೇಕೆ, ಆ ಕಥೆಯನ್ನು ನಾನೂ ಪೂರ್ತಿ ನಂಬಿರಲಿಲ್ಲ. ಊಟಕ್ಕೆ ಕೂತಾಗ ಗಂಡನಿಗೆ ಹೇಳಿ, "ತಾಯಿನ್ನ ಕಾಪಾಡ್ಲಿಕ್ಕೆ ಅಕಿನೇ ಅರ್ಧ ಕಟ್ಟಿರಬೇಕು. ರೇಡಿಯೋದವರು ಬರದ ರೈಲಿನ ಸುದ್ದಿ ಯಾಕ ಹೇಳ್ತಾರ?" ಎಂದೆ.

ಅವರು ಕೈಯಲ್ಲಿದ್ದ ತುತ್ತು ತಟ್ಟೆಯಲ್ಲಿಟ್ಟರು. ಯುದ್ಧದ ಪುಸ್ತಕಗಳೆಂದರೆ ಅವರಿಗೆ ಕಾಲೇಜಿನ ದಿನಗಳಿಂದ ಹುಚ್ಚು. "ಅದು ಬ್ರಿಟಿಷರ ಕೆಲಸ ಕಣೇ. ಪಕ್ಕಾ. ನಾನು ಓದಿದೀನಿ."

ಅವರು ಹೇಳಿದ್ದು ಹೀಗೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಬ್ರಿಟಿಷರು ಭಾರೀ ಶಕ್ತಿಯ ಟ್ರಾನ್ಸ್‌ಮಿಟರ್ ಒಂದನ್ನು ಕಟ್ಟಿದ್ದರು. ಜರ್ಮನಿಯ ಊರುಗಳ ಮೇಲೆ ಬಾಂಬು ಹಾಕುವ ವಿಮಾನಗಳು ಬರುವಾಗ ಜರ್ಮನ್ ರೇಡಿಯೋ ಕೇಂದ್ರಗಳು ಪ್ರಸಾರ ನಿಲ್ಲಿಸುತ್ತಿದ್ದವು, ಅದರ ಜಾಡು ಹಿಡಿದು ವಿಮಾನಗಳು ದಾರಿ ಕಂಡುಕೊಳ್ಳಬಾರದೆಂದು. ಕೇಂದ್ರ ಮೌನವಾದ ಮರುಗಳಿಗೆಯೇ ಬ್ರಿಟಿಷರು ಅದೇ ತರಂಗದಲ್ಲಿ ನುಗ್ಗುತ್ತಿದ್ದರು. ಬೇರೊಂದು ಜರ್ಮನ್ ಕೇಂದ್ರದಿಂದ ಬರುತ್ತಿದ್ದ ಅದೇ ಸಂಗೀತ, ಅದೇ ಕಾರ್ಯಕ್ರಮವನ್ನು ಹಿಡಿದು ಮುಂದುವರಿಸುತ್ತಿದ್ದರು, ಕೇಳುವವರಿಗೆ ತುಂಡಾದದ್ದೇ ತಿಳಿಯದು. ನಡುವೆ ತಮ್ಮ ಪ್ರಕಟಣೆ ತೂರಿಸುತ್ತಿದ್ದರು. ಊರು ಬಿಡಿ, ಬಾಂಬು ಬೀಳದ ಪ್ರದೇಶಕ್ಕೆ ಹೋಗಿ. ಜನ ರಸ್ತೆ, ರೈಲುಗಳಲ್ಲಿ ತುಂಬಿಕೊಂಡರೆ ಸೈನ್ಯ ಕದಲದಂತಾಗಲಿ ಎಂಬುದು ಲೆಕ್ಕ. ಶತ್ರು ನಮ್ಮ ಹೆಸರಲ್ಲಿ ಸುಳ್ಳು ಹೇಳುತ್ತಿದ್ದಾನೆ, ನಂಬಬೇಡಿ ಎಂದು ಜರ್ಮನ್ನರು ಎಚ್ಚರಿಸಿದರೆ, ಬ್ರಿಟಿಷರೂ ಅದೇ ಎಚ್ಚರಿಕೆಯನ್ನು ಅದೇ ದನಿಯಲ್ಲಿ ಹೇಳುತ್ತಿದ್ದರಂತೆ. ಆಮೇಲೆ ಯಾವುದು ಯಾರದ್ದೆಂದು ದೇವರಿಗೇ ಗೊತ್ತು.

"ಸೋ, ಆ ಅಮ್ಮ ಸುಳ್ಳು ಹೇಳಿರ್ಲಿಲ್ಲ" ಎಂದರು.

ಊಟ ಮುಂದೆ ಹೋಗಲಿಲ್ಲ. ನನಗೆ ಕೂಡಲೇ ಮೇಲೆ ಓಡಬೇಕೆನಿಸಿತು. ಆದರೆ ಆ ಅಜ್ಜಿಗೆ ಬರೀ ಬಾಯಿಮಾತು ಹೇಳಿ ಏನು ಪ್ರಯೋಜನ?

ಸೋಮವಾರ ಕೇಂದ್ರ ಗ್ರಂಥಾಲಯದಿಂದ ಪುಸ್ತಕ ತಂದು ಮೇಲೆ ಹೋದೆ. ಅಜ್ಜಿ ಸರಪಳಿ ಬಿಡದೆಯೇ ಸಂದಿಯಿಂದ ಕೇಳಿಸಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ.

"ಇದನ್ನು ಬರೆದವರು ಯಾರು?"

"ಇಂಗ್ಲಿಷರೊಬ್ಬರು. ಜರ್ಮನ್ನಿಗೆ ಅನುವಾದವಾಗಿದೆ."

"ಮೋಸ ಮಾಡಿದವರೇ ಬರೆದರೆ ಅದನ್ನು ನಂಬಬೇಕೇ? ನಾವು ಎಷ್ಟು ಜಾಣರಾಗಿದ್ದೆವು ಎಂದು ಹೇಳಿಕೊಳ್ಳಲು ಯಾರಿಗೆ ಇಷ್ಟವಿಲ್ಲ?" ಬಾಗಿಲು ಮುಚ್ಚಿತು.

ಮುಂದಿನ ವಾರ ಜರ್ಮನ್ ಇತಿಹಾಸಕಾರರೊಬ್ಬರು ಬರೆದದ್ದನ್ನು ಹುಡುಕಿ ತಂದೆ. ಅದನ್ನು ಸಂದಿಯಿಂದಲೇ ಒಳಗೆಳೆದುಕೊಂಡರು. ಹಲವು ದಿನ ಮೇಲೆ ಹೆಜ್ಜೆ ಸದ್ದೇ ಕೇಳಲಿಲ್ಲ. ಈ ಸಲ ನಾವಿಬ್ಬರೂ ಛಾವಣಿಯತ್ತ ನೋಡಿದ್ದು ಬೇರೆ ಬಗೆಯಲ್ಲಿ. "ಹುಷಾರಾಗಿದಾರೋ ಇಲ್ವೋ, ಒಂದ್ಸಲ ನೋಡ್ಕೊಂಡ್ ಬರ್ತೀಯಾ?" ಎಂದು ಗಂಡ ಎರಡು ಸಲ ಕೇಳಿದರು.

ಆಮೇಲೊಂದು ಸಂಜೆ ನಮ್ಮ ಬಾಗಿಲ ಗಂಟೆಯಾಯಿತು. ಅಜ್ಜಿ ಪುಸ್ತಕವನ್ನು ಎದೆಗೊತ್ತಿ ನಿಂತಿದ್ದರು. ಒಳಗೆ ಬರಲಿಲ್ಲ.

"ಮಾತಾಡಿದವನು ಯಾರು?" ಎಂದರು.

"ಅಂದರೆ?"

"ರೇಡಿಯೋದಲ್ಲಿ. ಅಮ್ಮನಿಗೆ ಹತ್ತು ಮಾತು ಕೇಳಿದರೆ ಆಡುವವನು ಯಾವ ಊರಿನವನು ಎಂದು ತಿಳಿಯುತ್ತಿತ್ತು. ಇಂಗ್ಲಿಷರವನಾಗಿದ್ದರೆ ಹಿಡಿದುಬಿಡುತ್ತಿದ್ದಳು. ಇದರಲ್ಲಿ ಬರೆದಿದ್ದಾರೆ, ಮಾತಾಡಿದವರು ಜರ್ಮನ್ನರೇ. ಹಿಟ್ಲರ್‌ಗೆ ಹೆದರಿ ದೇಶ ಬಿಟ್ಟು ಓಡಿದವರು, ಸೆರೆಸಿಕ್ಕವರು." ಒಂದು ಉಸಿರು ತೆಗೆದುಕೊಂಡರು. "ನಮ್ಮವನೇ ಯಾರೋ ಹೇಳಿದ್ದು. ಬಹುಶಃ ಇದೇ ಊರಿನವನು. ಅವನ ಮೇಲೆ ಸಿಟ್ಟು ಮಾಡಲೂ ಬರುವುದಿಲ್ಲ. ಅವನಿಗೂ ಏನೇನಾಗಿತ್ತೋ."

ಚಹಾ ಕುಡಿಯುತ್ತೀರಾ ಎಂದೆ. ಬೇಡವೆಂದರು. "ಆ ಎದುರುಮನೆಯ ಹುಡುಗಿ ಇನ್ನೂ ಇದ್ದಾಳೆ. ನದಿಯ ಆಚೆ ದಡದಲ್ಲಿ ವೃದ್ಧಾಶ್ರಮದಲ್ಲಿ. ಅವಳಿಗೆ ಹೇಳಬೇಕು. ನೀವು ಬನ್ನಿ. ನನ್ನ ಮಾತು ಅವಳು ನಂಬುವುದಿಲ್ಲ, ನೀವು ಹೊರಗಿನವರು."

ಒಂದು ಭಾನುವಾರ ಫೆರಿಯಲ್ಲಿ ಹೋದೆವು. ಗಾಳಿ ಜೋರಾಗಿತ್ತು, ಎಲ್ಬೆ ನದಿ ಬೂದಿ ಬಣ್ಣಕ್ಕಿತ್ತು. ವೃದ್ಧಾಶ್ರಮದ ಹಾಲಿನಲ್ಲಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಆಕೆ ಕೂತಿದ್ದಳು. ತೊಂಬತ್ತರ ಹತ್ತಿರ, ಬಹಳ ಸಣ್ಣ ಜೀವ, ಕಣ್ಣು ಮಾತ್ರ ಹೊಳಪು. ಅಜ್ಜಿಯನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಇಬ್ಬರೂ ಕೈ ಕುಲುಕಲಿಲ್ಲ.

ಅಜ್ಜಿ ಕುಳಿತುಕೊಳ್ಳದೆ, ಪರೀಕ್ಷೆಗೆ ಬಾಯಿಪಾಠ ಒಪ್ಪಿಸುವವರಂತೆ ಹೇಳಿದರು. "ನನ್ನಮ್ಮ ಸುಳ್ಳು ಹೇಳಿರಲಿಲ್ಲ. ಪ್ರಕಟಣೆ ಬಂದಿತ್ತು. ಬ್ರಿಟಿಷರು ನಮ್ಮ ಸ್ಟೇಷನ್ನಿನ ಹಾಗೆ ಮಾತಾಡಿದ್ದರು. ಪುಸ್ತಕದಲ್ಲಿದೆ. ಬೇಕಾದರೆ ಇವರನ್ನು ಕೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ, "ಗೊತ್ತು" ಎಂದಳು.

"ಏನು ಗೊತ್ತು?"

"ಬಂದಿತ್ತು ಅಂತ. ನನ್ನಮ್ಮನೂ ಕೇಳಿದ್ದಳು. ನಿಮ್ಮ ಅಡುಗೆಮನೆಯಲ್ಲೇ ಇದ್ದಳು, ನಾನೂ ಇದ್ದೆ. ಇಬ್ಬರೂ ಆಲೂಗಡ್ಡೆ ಸುಲಿಯುತ್ತಿದ್ದರು. ನೀನು ಬೆಂಚಿನ ಮೇಲೆ ಮಲಗಿದ್ದೆ."

ಅಜ್ಜಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ನಾನು ಆ ಕುರ್ಚಿ ಎಳೆದು ಕೂರಿಸಿದೆ.

"ಅವರು ಬಂದು ಕೇಳಿದಾಗ ಅಮ್ಮ ಇಲ್ಲ ಅಂದಳು" ಎಂದಳು ಆಕೆ. "ಹೌದು ಅಂದಿದ್ದರೆ ಅವಳನ್ನೂ ಒಯ್ಯುತ್ತಿದ್ದರು. ತಮ್ಮ ಜ್ವರದಲ್ಲಿದ್ದ. ಎದೆಹಾಲು ಕುಡಿಯುವ ಕೂಸು."

"ಅದು ಅರ್ಥವಾಗುತ್ತದೆ. ಯುದ್ಧ ಮುಗಿದ ಮೇಲೆ?"

"ಮುಗಿದ ಮೇಲೆ ತಮ್ಮ ಇರಲಿಲ್ಲ. ಯಾರ ಮೇಲಾದರೂ ಹಾಕಬೇಕಿತ್ತು. ಅಮ್ಮ ನಿನ್ನಮ್ಮನ ಮೇಲೆ ಹಾಕಿದಳು. ಹೇಳುತ್ತ ಹೇಳುತ್ತ ಅವಳೇ ಅದನ್ನು ನಂಬಿಬಿಟ್ಟಳು."

"ಆದರೆ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಶಾಲೆಯಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದೆ."

"ಕರೆಯುತ್ತಿದ್ದೆ" ಎಂದಳು ಆಕೆ. ಕ್ಷಮಿಸು ಅನ್ನಲಿಲ್ಲ. ಮಡಿಲ ಮೇಲಿದ್ದ ಕಂಬಳಿಯ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಅಜ್ಜಿಯ ಮುಂದಿನ ಪ್ರಶ್ನೆಯ ದನಿ ಬೇರೆಯೇ ಇತ್ತು. "ನನ್ನಮ್ಮನ ಹೆಸರನ್ನು ಅವರಿಗೆ ಕೊಟ್ಟವರು ಯಾರು?"

"ಅದು ನನಗೆ ಗೊತ್ತಿಲ್ಲ."

ಅಜ್ಜಿ ಬಹಳ ಹೊತ್ತು ಆ ಮುಖವನ್ನೇ ನೋಡಿದರು. ಆಕೆಯೂ ಕಣ್ಣು ತಪ್ಪಿಸಲಿಲ್ಲ. ನಾನೂ ನೋಡುತ್ತಿದ್ದೆ. ಆಕೆ ನಿಜ ಹೇಳುತ್ತಿದ್ದಾಳೋ ಮುಚ್ಚಿಡುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ದಾದಿಯೊಬ್ಬಳು ಕಾಫಿ, ಕೇಕ್ ತಂದಿಟ್ಟಳು. ಅಜ್ಜಿ ಮುಟ್ಟಲಿಲ್ಲ.

ಮರಳುವಾಗ ಫೆರಿಯ ಒಳಗೆ ಜಾಗವಿದ್ದರೂ ಅಜ್ಜಿ ಹೊರಗೇ ನಿಂತರು. ಟೋಪಿ ಹಾರದಂತೆ ಒಂದು ಕೈಯಿಂದ ಒತ್ತಿ ಹಿಡಿದಿದ್ದರು.

"ಬ್ರಿಟಿಷರನ್ನು ಬಿಡಿ" ಎಂದರು. "ಅವರು ಶತ್ರುಗಳು. ಯುದ್ಧದಲ್ಲಿ ಶತ್ರು ಮೋಸ ಮಾಡುತ್ತಾನೆ, ಅದು ಅವನ ಕೆಲಸ. ಆ ತಾಯಿ, ಮಗಳು ಎದುರು ಬಾಗಿಲಿನವರು. ನಾನಂತೂ ಅದೇ ಮನೆಯವಳು, ನಾನೂ ಅವಳನ್ನು ನಂಬಲಿಲ್ಲ." ಅವರು ಅಳುತ್ತಿದ್ದರೋ, ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತೋ. ನಾನು ಅವರ ತೋಳಿಗೆ ತೋಳು ಸೇರಿಸಿ ನಿಂತೆ. ಬಿಡಿಸಿಕೊಳ್ಳಲಿಲ್ಲ.

ತಾಯಿಯ ಗೋರಿಗೆ ಹೋಗಬೇಕೆಂದು ಆ ವಾರವೇ ಹೇಳಿದರು. ಜೊತೆಗೆ ಹೋದೆ. ನನಗೆ ಅಲ್ಲಿಯೇ ಗೊತ್ತಾಯಿತು, ಗೋರಿ ಇಲ್ಲ. ಇಲ್ಲಿ ಗೋರಿಯ ಜಾಗ ಶಾಶ್ವತವಲ್ಲ. ಅವಧಿ ಮುಗಿದಾಗ ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು ನೆಲ ಸಮ ಮಾಡುತ್ತಾರೆ. ಎಷ್ಟೋ ವರ್ಷಗಳ ಹಿಂದೆ ಅವಧಿ ಮುಗಿದಾಗ ಅಜ್ಜಿ ಮುಂದುವರಿಸಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ದೊಡ್ಡ ಬರ್ಚ್ ಮರ, ಒಂದು ನೀರಿನ ನಲ್ಲಿ, ಇವುಗಳ ಗುರುತಿನ ಮೇಲೆ ಹುಲ್ಲಿನಲ್ಲಿ ಅತ್ತಿತ್ತ ನಡೆದು, ಕೊನೆಗೆ ಒಂದು ಕಡೆ ನಿಂತು, "ಇಲ್ಲೇ ಇರಬೇಕು" ಎಂದರು. ಆಮೇಲೆ ಹಳೆಯ ಹ್ಯಾಂಬರ್ಗಿನ ಜನ ಮನೆಯಲ್ಲಿ ಆಡುವ ಭಾಷೆಯಲ್ಲಿ ಏನೋ ಹೇಳಿದರು. ನಾನು ಕಲಿತ ಜರ್ಮನ್ನಿಗೆ ಅದು ಎಟುಕಲಿಲ್ಲ. ನಾನು ನಲ್ಲಿಯ ಹತ್ತಿರ ಹೋಗಿ ನಿಂತೆ. ಅವರು ಹೇಳುವುದು ಬಹಳವಿತ್ತು.

ವಾಪಸು ಬರುವಾಗ ಊರೊಳಗೆ ಓಡಾಡುವ ಎಸ್-ಬಾನ್ ರೈಲಿನ ಬೋಗಿಯಲ್ಲಿ ಜನ ಕಡಿಮೆಯಿದ್ದರು. ಅಜ್ಜಿ ಬೂಟಿಗೆ ಅಂಟಿದ್ದ ಹುಲ್ಲನ್ನು ಕರವಸ್ತ್ರದಿಂದ ತೆಗೆಯುತ್ತಿದ್ದರು. ಜೀನ್ಸು, ಜಾಕೆಟ್ಟು ತೊಟ್ಟ ಒಬ್ಬ ಎದ್ದು ಬಂದು, ಟಿಕೆಟ್ ತೋರಿಸಿ ಎಂದ. ಇಲ್ಲಿ ಟಿಕೆಟ್ ನೋಡುವವರು ಎಷ್ಟೋ ಸಲ ಮಫ್ತಿಯಲ್ಲಿ ಬರುತ್ತಾರೆ. ನಾನು ಪರ್ಸಿಗೆ ಕೈ ಹಾಕಿದೆ. ಅಜ್ಜಿ ನನ್ನ ಕೈ ತಡೆದರು.

"ಮೊದಲು ನಿಮ್ಮ ಕಾರ್ಡು" ಎಂದರು ಅವನಿಗೆ.

ಅವನು ತೋರಿಸಿದ. ಅಜ್ಜಿ ಕನ್ನಡಕ ಹಾಕಿಕೊಂಡು, ಕಾರ್ಡನ್ನು ಬೆಳಕಿಗೆ ಹಿಡಿದು, ಫೋಟೋ ನೋಡಿ, ಅವನ ಮುಖ ನೋಡಿ, ಮತ್ತೆ ಫೋಟೋ ನೋಡಿದರು. "ಇದರಲ್ಲಿ ಗಡ್ಡವಿಲ್ಲ."

"ಆಮೇಲೆ ಬಿಟ್ಟೆ" ಎಂದು ಅವನು ನಕ್ಕ.

ಅಜ್ಜಿ ನಗಲಿಲ್ಲ. ಕಾರ್ಡು ವಾಪಸು ಕೊಟ್ಟು, ತಮ್ಮ ಟಿಕೆಟನ್ನು ಕೈಯಿಂದ ಬಿಡದೆ ತೋರಿಸಿದರು. ಮುಂದಿನ ನಿಲ್ದಾಣದಲ್ಲಿ ಅವನು ಇಳಿದ. ಬಾಗಿಲು ಮುಚ್ಚಿ ರೈಲು ಹೊರಟರೂ ಅಜ್ಜಿ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದರು.